ಸರ್ವಾಧಿಕಾರ: ಏರುವ ಮೆಟ್ಟಿಲು, ಉಳಿಯುವ ತಂತ್ರ
ಸಿರಿಯಾದ 54 ವರ್ಷಗಳು ಕಲಿಸುವ ಪಾಠ

2024ರ ಡಿಸೆಂಬರ್ 8ರಂದು ಬೆಳಗಾಗುವ ಮೊದಲೇ ಸಿರಿಯಾದ ಅಧ್ಯಕ್ಷ ಬಶ್ಶಾರ್ ಅಲ್ ಅಸದ್ ದಮಾಸ್ಕಸ್ ತೊರೆದು ಪಲಾಯನ ಮಾಡಿದರು. ರಶ್ಯ ಅವರಿಗೆ ಆಶ್ರಯ ನೀಡಿತು. ತಂದೆ ಹಾಫಿಝ್ ಅಲ್ ಅಸದ್ 1970ರಲ್ಲಿ ಹಿಡಿದಿದ್ದ ಅಧಿಕಾರ 54 ವರ್ಷಗಳ ಬಳಿಕ ಮಗನ ಕೈಯಿಂದ ಜಾರಿತು. ನವೆಂಬರ್ 27ರಂದು ವಾಯವ್ಯ ಸಿರಿಯಾದಿಂದ ಹೊರಟ ಬಂಡುಕೋರರಿಗೆ ರಾಜಧಾನಿ ತಲುಪಲು ಎರಡು ವಾರಗಳೂ ಬೇಕಾಗಲಿಲ್ಲ. ಅಲೆಪ್ಪೊ, ಹಮಾ, ಹೋಮ್ಸ್ ನಗರಗಳು ಒಂದರ ಹಿಂದೆ ಒಂದರಂತೆ ಕೈಬಿಟ್ಟವು. ಅನೇಕ ಕಡೆ ಸೈನಿಕರು ಸಮವಸ್ತ್ರ ಕಳಚಿ ರಸ್ತೆ ಬದಿಯಲ್ಲಿ ಎಸೆದು ಮನೆಯ ದಾರಿ ಹಿಡಿದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಎರಡು ವಾರಗಳೊಳಗೆ ಕುಸಿದು ಬೀಳುವಷ್ಟು ಟೊಳ್ಳಾಗಿದ್ದ ಆಡಳಿತ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಿಂತದ್ದಾದರೂ ಹೇಗೆ?

ಸರ್ವಾಧಿಕಾರಿ ಎಂದಾಕ್ಷಣ ಒಂದು ರಾತ್ರಿ ಟ್ಯಾಂಕುಗಳೊಂದಿಗೆ ಬಂದು ಗದ್ದುಗೆಯೇರಿದ ಕ್ರೂರಿಯೊಬ್ಬನ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಈ ಚಿತ್ರ ಪೂರ್ತಿ ಸುಳ್ಳೇನಲ್ಲ. ಆದರೆ ಅದರಲ್ಲಿ ಆತ ಬರುವುದಕ್ಕೆ ಮುಂಚಿನ ಇಪ್ಪತ್ತು ವರ್ಷಗಳು ಕಾಣುವುದಿಲ್ಲ. ಆತನಿಗಾಗಿ ಕಾನೂನು ಬರೆದ ನ್ಯಾಯಜ್ಞರು, ಚಪ್ಪಾಳೆ ತಟ್ಟಿದ ವರ್ತಕರು, ನೆರೆಯವನ ಮೇಲೆ ವರದಿ ಕೊಟ್ಟ ಸಾಮಾನ್ಯರು, ದೂರದಿಂದ ನೆರವು ನೀಡಿದ ಬಲಾಢ್ಯ ರಾಷ್ಟ್ರಗಳು ಯಾರೂ ಕಾಣುವುದಿಲ್ಲ. ಸಿರಿಯಾದ ಚರಿತ್ರೆಯನ್ನು ಮೊದಲಿನಿಂದ ನೋಡಿದರೆ ಇವರೆಲ್ಲ ಕಾಣಿಸಿಕೊಳ್ಳುತ್ತಾರೆ.

ಬಾಗಿಲು ತೆರೆದವರು

1920ರಿಂದ ಸಿರಿಯಾವನ್ನು ಆಳಿದ ಫ್ರೆಂಚರ ಕೊನೆಯ ಸೇನಾ ತುಕಡಿ 1946ರ ಏಪ್ರಿಲ್‌ನಲ್ಲಿ ದೇಶ ಬಿಟ್ಟಿತು. ಹೊಸ ಗಣರಾಜ್ಯಕ್ಕೆ ಸಂಸತ್ತಿತ್ತು, ಪಕ್ಷಗಳಿದ್ದವು, ಪತ್ರಿಕೆಗಳಿದ್ದವು. ಆದರೆ ಅಧಿಕಾರ ದಮಾಸ್ಕಸ್, ಅಲೆಪ್ಪೊ, ಹಮಾಗಳ ಕೆಲವು ಜಮೀನ್ದಾರ ಮತ್ತು ವರ್ತಕ ಮನೆತನಗಳ ಕೈಯಲ್ಲಿತ್ತು. ಹಳ್ಳಿಗಳ ಗೇಣಿದಾರರಿಗೆ ಆ ಸಂಸತ್ತು ತಮ್ಮದೆಂದು ಅನಿಸಲೇ ಇಲ್ಲ.

1948ರ ಫೆಲೆಸ್ತೀನ್ ಯುದ್ಧದ ಸೋಲು ಈ ನಾಯಕತ್ವದ ಮಾನ ಕಳೆಯಿತು. ಮರುವರ್ಷ 1949ರ ಮಾರ್ಚ್‌ನಲ್ಲಿ ಸೇನಾ ಮುಖ್ಯಸ್ಥ ಹುಸ್ನಿ ಅಲ್ ಝಈಮ್ ಸರಕಾರವನ್ನು ಉರುಳಿಸಿದಾಗ ಬೇಸತ್ತಿದ್ದ ಜನರಲ್ಲಿ ಅನೇಕರು ಅದನ್ನು ಸ್ವಾಗತಿಸಿದರು. ಭ್ರಷ್ಟ ರಾಜಕಾರಣಿಗಳಿಗಿಂತ ಶಿಸ್ತಿನ ಸೈನಿಕ ವಾಸಿ ಎಂಬ ಮಾತು ಆಗ ದಮಾಸ್ಕಸ್‌ನಲ್ಲಿ ಕೇಳಿಬಂತು. ಈ ಮಾತು ನಮಗೂ ಅಪರಿಚಿತವಲ್ಲ. ಆಗಸ್ಟ್‌ನಲ್ಲಿ ಇನ್ನೊಬ್ಬ ಅಧಿಕಾರಿ ಝಈಮ್‌ನನ್ನು ಪದಚ್ಯುತಗೊಳಿಸಿ ಕೊಲ್ಲಿಸಿದ. ಡಿಸೆಂಬರ್‌ನಲ್ಲಿ ಮೂರನೆಯವನಾಗಿ ಅದೀಬ್ ಶಿಶಕ್ಲಿ ಬಂದ. ಒಂದೇ ವರ್ಷದಲ್ಲಿ ಮೂರು ಕ್ಷಿಪ್ರಕ್ರಾಂತಿಗಳು!

1954ರಲ್ಲಿ ಶಿಶಕ್ಲಿಯ ಪತನದ ನಂತರ ಚುನಾವಣೆ ನಡೆಯಿತಾದರೂ ಬ್ಯಾರಕ್‌ನ ಬಾಗಿಲು ಮತ್ತೆ ಮುಚ್ಚಲಿಲ್ಲ. ರಾಜಕೀಯ ಪಕ್ಷಗಳೇ ಸೇನಾಧಿಕಾರಿಗಳ ಬೆನ್ನು ಹತ್ತಿದವು. ಎದುರಾಳಿಯನ್ನು ಮಣಿಸಲು ಮತಪೆಟ್ಟಿಗೆಗಿಂತ ಒಬ್ಬ ಕರ್ನಲ್‌ನ ಸ್ನೇಹ ಹತ್ತಿರದ ದಾರಿ ಎಂದು ಅವು ಭಾವಿಸಿದವು.

ಆ ಸೇನೆಯಲ್ಲಿ ಯಾರಿದ್ದರು? ಶ್ರೀಮಂತ ಮನೆತನಗಳಿಗೆ ಸೈನಿಕ ವೃತ್ತಿಯೆಂದರೆ ತಾತ್ಸಾರ. ಹಣ ಕಟ್ಟಿ ಮಕ್ಕಳನ್ನು ಕಡ್ಡಾಯ ಸೇನಾ ಸೇವೆಯಿಂದ ಬಿಡಿಸಿಕೊಳ್ಳುವವರೂ ಅವರಲ್ಲಿದ್ದರು. ಹೋಮ್ಸ್‌ನ ಸೇನಾ ಅಕಾಡೆಮಿಯಲ್ಲಿ ಶುಲ್ಕವಿರಲಿಲ್ಲ. ಊಟ, ವಸತಿ, ಸಂಬಳ ಎಲ್ಲವೂ ಇತ್ತು. ಹಾಗಾಗಿ ಅಲವಿ, ದ್ರೂಸ್, ಇಸ್ಮಾಯಿಲಿ ಪಂಗಡಗಳ ಮತ್ತು ಬಡ ಸುನ್ನಿ ಹಳ್ಳಿಗಳ ಹುಡುಗರು ಅಲ್ಲಿಗೆ ಬಂದರು. ಫ್ರೆಂಚರು ತಮ್ಮ ಸ್ಥಳೀಯ ಪಡೆಗಳಿಗೆ ಅಲ್ಪಸಂಖ್ಯಾತರನ್ನು ಹೆಚ್ಚಾಗಿ ಸೇರಿಸಿಕೊಳ್ಳುವ ಪರಿಪಾಠವನ್ನು ಮೊದಲೇ ಹಾಕಿಕೊಟ್ಟಿದ್ದರು.

ಲತಾಕಿಯಾ ಬಳಿಯ ಬೆಟ್ಟದ ಹಳ್ಳಿ ಕರ್ದಾಹದಲ್ಲಿ 1930ರಲ್ಲಿ ಹುಟ್ಟಿದ ಹಾಫಿಝ್ ಇಂತಹ ಹುಡುಗರಲ್ಲಿ ಒಬ್ಬ. ವೈದ್ಯನಾಗಬೇಕೆಂದು ಆತನ ಆಸೆ. ಆದರೆ ವೈದ್ಯಕೀಯ ಓದಿಸುವ ಶಕ್ತಿ ಮನೆಯವರಿಗೆ ಇರಲಿಲ್ಲ. 1951ರಲ್ಲಿ ಹೋಮ್ಸ್ ಅಕಾಡೆಮಿ ಸೇರಿ, 1955ರಲ್ಲಿ ವಿಮಾನ ಚಾಲಕನಾಗಿ ಹೊರಬಂದ. ಅಷ್ಟರಲ್ಲಿ ಆತ ಬಾತ್ ಪಕ್ಷದ ಸದಸ್ಯನೂ ಆಗಿದ್ದ. ಕ್ರೈಸ್ತ ಕುಟುಂಬದ ಮಿಶೆಲ್ ಅಫ್ಲಕ್ ಮತ್ತು ಸುನ್ನಿ ಕುಟುಂಬದ ಸಲಾಹುದ್ದೀನ್ ಬಿತಾರ್ ಎಂಬ ಇಬ್ಬರು ಶಿಕ್ಷಕರು ಕಟ್ಟಿದ ಪಕ್ಷವದು. ಅರಬ್ ಏಕತೆ, ಸ್ವಾತಂತ್ರ್ಯ, ಸಮಾಜವಾದ ಅದರ ಘೋಷಣೆಗಳು. ಜಮೀನ್ದಾರರ ದೌರ್ಜನ್ಯ ಕಂಡಿದ್ದ ಹಳ್ಳಿಯ ಯುವಕರಿಗೆ ಈ ಮಾತುಗಳು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನ್ಯಾಯದ ಹಸಿವು ನಿಜವಾಗಿತ್ತು. ಆ ಹಸಿವೇ ಮುಂದೆ ಸರ್ವಾಧಿಕಾರಕ್ಕೆ ಏಣಿಯಾಯಿತು ಎಂಬುದು ಸಿರಿಯಾದ ದುರಂತ.

ಒಂದೊಂದೇ ಮೆಟ್ಟಿಲು

1958ರಲ್ಲಿ ಸಿರಿಯಾ ಈಜಿಪ್ಟಿನೊಂದಿಗೆ ವಿಲೀನವಾಗಿ ನಾಸರ್ ಅಧ್ಯಕ್ಷರಾದರು. ಪಕ್ಷಗಳು ವಿಸರ್ಜನೆಗೊಂಡವು. ಆಗ ಕೈರೋದಲ್ಲಿ ನಿಯುಕ್ತರಾಗಿದ್ದ ಕೆಲವು ಬಾತ್ ಅಧಿಕಾರಿಗಳು ಗುಟ್ಟಾಗಿ ಒಂದು ಸೇನಾ ಸಮಿತಿ ರಚಿಸಿಕೊಂಡರು. ಸಲಾಹ್ ಜದೀದ್, ಮುಹಮ್ಮದ್ ಉಮ್ರಾನ್, ಹಾಫಿಝ್ ಅಲ್ ಅಸದ್ ಅದರ ಪ್ರಮುಖರು. ಪಕ್ಷದ ಸ್ಥಾಪಕರಿಗೂ ಇದರ ಸುಳಿವಿರಲಿಲ್ಲ. 1961ರಲ್ಲಿ ವಿಲೀನ ಮುರಿದು ಬಿತ್ತು. ಹಾಫಿಝ್‌ನನ್ನು ಸೇನೆಯಿಂದ ತೆಗೆದು ಸಾರಿಗೆ ಇಲಾಖೆಯ ಗುಮಾಸ್ತಿಕೆಗೆ ಹಾಕಲಾಯಿತು.

1963ರ ಮಾರ್ಚ್ 8ರಂದು ಬಾತ್ ಅಧಿಕಾರಿಗಳು ಇತರ ಗುಂಪುಗಳ ಜೊತೆ ಸೇರಿ ಕ್ಷಿಪ್ರಕ್ರಾಂತಿ ನಡೆಸಿದರು. ಮೊದಲು ಜೊತೆಗಾರ ನಾಸರ್‌ವಾದಿಗಳನ್ನು ಹೊರದಬ್ಬಲಾಯಿತು. ಬಳಿಕ ಸೇನೆಯಲ್ಲಿ ತೆರವಾದ ಸ್ಥಾನಗಳನ್ನು ಸಮಿತಿಯವರು ತಮ್ಮ ಊರಿನವರು, ಬಂಧುಗಳು, ನಂಬಿಗಸ್ತರಿಂದ ತುಂಬಿಸಿದರು. 1966ರ ಫೆಬ್ರವರಿಯಲ್ಲಿ ಪಕ್ಷದ ಸ್ಥಾಪಕರನ್ನೇ ಓಡಿಸಲಾಯಿತು. ತಾನು ಕಟ್ಟಿದ ಪಕ್ಷದಿಂದಲೇ ದೇಶಭ್ರಷ್ಟನಾದ ಬಿತಾರ್ 1980ರಲ್ಲಿ ಪ್ಯಾರಿಸಿನಲ್ಲಿ ಹಂತಕನ ಗುಂಡಿಗೆ ಬಲಿಯಾದರು.

ಹಾಫಿಝ್ ಈಗ ರಕ್ಷಣಾ ಸಚಿವ. 1967ರ ಜೂನ್ ಯುದ್ಧದಲ್ಲಿ ಇಸ್ರೇಲ್ ಗೋಲಾನ್ ಪ್ರಸ್ಥಭೂಮಿಯನ್ನು ಕಸಿದುಕೊಂಡಿತು. ಕುನೈತ್ರಾ ನಗರ ವೈರಿಯ ಕೈಸೇರುವ ಮೊದಲೇ ಅದು ಬಿದ್ದುಹೋಯಿತೆಂದು ಸಿರಿಯನ್ ರೇಡಿಯೋ ಘೋಷಿಸಿದ್ದರಿಂದ ಸೈನಿಕರು ದಿಕ್ಕೆಟ್ಟು ಹಿಮ್ಮೆಟ್ಟಿದರು. ಬೇರೆ ಯಾವುದೇ ದೇಶದಲ್ಲಾದರೆ ಇಂತಹ ಸೋಲು ರಕ್ಷಣಾ ಸಚಿವನ ರಾಜಕೀಯ ಜೀವನವನ್ನೇ ಮುಗಿಸುತ್ತಿತ್ತು. ಸಿರಿಯಾದಲ್ಲಿ ಕೇಳುವವರೇ ಇರಲಿಲ್ಲ. ಪತ್ರಿಕೆಗಳು ಸರಕಾರದ್ದು, ಸಂಸತ್ತು ಇಲ್ಲ, ವಿರೋಧ ಪಕ್ಷವಿಲ್ಲ. ಮೂರೇ ವರ್ಷಗಳಲ್ಲಿ ಆ ಸಚಿವ ದೇಶದ ಒಡೆಯನಾದ.

1970ರ ನವೆಂಬರ್‌ನಲ್ಲಿ ಪಕ್ಷದ ಸಭೆ ಹಾಫಿಝ್‌ನನ್ನು ಹುದ್ದೆಯಿಂದ ತೆಗೆಯುವ ನಿರ್ಣಯ ಕೈಗೊಂಡಿತು. ಆದರೆ ಸೇನೆ ಆತನ ಹಿಡಿತದಲ್ಲಿತ್ತು. ಒಂದು ಗುಂಡೂ ಹಾರದೆ ಹಳೆಯ ಸಂಗಾತಿ ಜದೀದ್ ಮತ್ತು ಅಧ್ಯಕ್ಷ ನೂರುದ್ದೀನ್ ಅತಾಸಿ ಸೆರೆಯಾದರು. ಜದೀದ್ 23 ವರ್ಷ ಸೆರೆಯಲ್ಲಿದ್ದು 1993ರಲ್ಲಿ ಅಲ್ಲೇ ಸತ್ತರು. ಇದಕ್ಕೆ ಹಾಫಿಝ್ ಇಟ್ಟ ಹೆಸರು ‘ಸುಧಾರಣಾ ಚಳುವಳಿ’.

ಜನರು ಅಂದು ಹೆದರಿ ಮನೆಯೊಳಗೆ ಅಡಗಿಕೊಂಡರೆಂದು ನಾವು ಭಾವಿಸಿದರೆ ತಪ್ಪಾಗುತ್ತದೆ. ಜದೀದ್ ಕಾಲದ ಉಗ್ರ ರಾಷ್ಟ್ರೀಕರಣದಿಂದ ಕಂಗೆಟ್ಟಿದ್ದ ವರ್ತಕರು ನಿಟ್ಟುಸಿರು ಬಿಟ್ಟರು. ಆಹಾರದ ಬೆಲೆ ಇಳಿಯಿತು, ಪ್ರಯಾಣದ ನಿರ್ಬಂಧ ಸಡಿಲಗೊಂಡಿತು. ದೇವರಲ್ಲಿ ನೆರವು ಬೇಡಿದೆವು, ಆತ ನಮಗೆ ಅಸದ್‌ನನ್ನು ಕಳುಹಿಸಿದ ಎಂಬರ್ಥದ ಪ್ರಾಸಬದ್ಧ ಬ್ಯಾನರನ್ನು ದಮಾಸ್ಕಸ್‌ನ ವರ್ತಕರು ಮೆರೆಸಿದ್ದು ಚರಿತ್ರೆಯಲ್ಲಿ ದಾಖಲಾಗಿದೆ. ಸರ್ವಾಧಿಕಾರಿ ಮೊದಲ ದಿನ ಕೊಡಲಿಯೊಂದಿಗೆ ಬರುವುದಿಲ್ಲ. ಹಿಂದಿನವನಿಗಿಂತ ವಾಸಿ ಎಂಬ ಸಮಾಧಾನದೊಂದಿಗೆ ಬರುತ್ತಾನೆ.

ಆತನ ಕಾಲದಲ್ಲಿ ಆದ ಕೆಲಸಗಳನ್ನೂ ಮರೆಮಾಚಬೇಕಿಲ್ಲ. ಯೂಫ್ರೆಟಿಸ್ ನದಿಗೆ ತಬ್ಕಾ ಅಣೆಕಟ್ಟು ಬಂತು, ಹಳ್ಳಿಗಳಿಗೆ ವಿದ್ಯುತ್ ಬಂತು, ಶಾಲೆಗಳು ತೆರೆದವು. ಬಡವರ ಮಕ್ಕಳು ಸರಕಾರಿ ನೌಕರಿ ಕಂಡರು. ಆದರೆ ಇವೆಲ್ಲ ಪ್ರಜೆಗಳ ಹಕ್ಕಾಗಿ ಬರಲಿಲ್ಲ, ಒಡೆಯನ ಕೊಡುಗೆಯಾಗಿ ಬಂದವು. ಅಣೆಕಟ್ಟಿನ ಹಿಂದೆ ನಿಂತ ನೀರಿಗೆ ಕೂಡ ಅಸದ್ ಸರೋವರ ಎಂದೇ ಹೆಸರಾಯಿತು.

ಕಾನೂನೆಂಬ ಹೊದಿಕೆ

ಪ್ರತಿಯೊಬ್ಬ ಸರ್ವಾಧಿಕಾರಿಗೂ ಕಾನೂನು ಬೇಕು. ಸಿರಿಯಾದಲ್ಲಿ ಇದರ ಬುನಾದಿ ತುರ್ತು ಪರಿಸ್ಥಿತಿಯ ಶಾಸನ. ಈ ಶಾಸನ ಬಾತ್ ಪಕ್ಷದ್ದಲ್ಲ. 1962ರ ಡಿಸೆಂಬರ್‌ನಲ್ಲಿ ಹಿಂದಿನ ಸರಕಾರವೇ ಅದನ್ನು ಹೊರಡಿಸಿತ್ತು. ಬಾತ್ ಅಧಿಕಾರಿಗಳು ಬಂದ ದಿನವೇ, ಅಂದರೆ 1963ರ ಮಾರ್ಚ್ 8ರಂದು, ಅದನ್ನು ಜಾರಿಗೊಳಿಸಿದರು. ವಾರಂಟ್ ಇಲ್ಲದೆ ಬಂಧನ, ಪತ್ರ ಮತ್ತು ದೂರವಾಣಿಗಳ ತಪಾಸಣೆ, ಸಭೆಗಳ ನಿಷೇಧ, ವಿಶೇಷ ನ್ಯಾಯಾಲಯಗಳಲ್ಲಿ ವಿಚಾರಣೆ ಎಲ್ಲಕ್ಕೂ ಅದು ಅವಕಾಶ ನೀಡಿತು. ಇಸ್ರೇಲ್‌ನೊಂದಿಗೆ ಯುದ್ಧ ಸ್ಥಿತಿಯಲ್ಲಿದ್ದೇವೆ ಎಂಬುದು ಸಮರ್ಥನೆ. ಹಿಂದಿನವರು ತಮ್ಮ ರಕ್ಷಣೆಗೆಂದು ಹರಿತಗೊಳಿಸಿದ ಕತ್ತಿ ಮುಂದಿನವರ ಕೈಗೆ ಸಿಕ್ಕಿತು.

ನಮ್ಮ ದೇಶದಲ್ಲಿ 1975ರ ಜೂನ್‌ನಲ್ಲಿ ಘೋಷಣೆಯಾದ ಆಂತರಿಕ ತುರ್ತು ಪರಿಸ್ಥಿತಿ 21 ತಿಂಗಳು ನಡೆಯಿತು. ಅದರ ಗಾಯ ಇನ್ನೂ ನಮ್ಮ ನೆನಪಿನಲ್ಲಿದೆ. ಸಿರಿಯಾದ ತುರ್ತು ಪರಿಸ್ಥಿತಿ 2011ರ ಏಪ್ರಿಲ್‌ವರೆಗೆ 48 ವರ್ಷ ನಡೆಯಿತು. ಅದರಡಿಯಲ್ಲಿ ಹುಟ್ಟಿದವರು ಅದರಡಿಯಲ್ಲೇ ಅಜ್ಜ ಅಜ್ಜಿಯರಾದರು. ಅವರಿಗೆ ಅದು ತುರ್ತಾಗಿ ಉಳಿದಿರಲಿಲ್ಲ. ಬದುಕೇ ಹಾಗೆ ಎಂದಾಗಿತ್ತು.

1973ರ ಸಂವಿಧಾನದ 8ನೇ ವಿಧಿ ಬಾತ್ ಪಕ್ಷವನ್ನು ರಾಷ್ಟ್ರ ಮತ್ತು ಸಮಾಜದ ನಾಯಕ ಪಕ್ಷವೆಂದು ಸಾರಿತು. ಇತರ ಕೆಲವು ಪಕ್ಷಗಳನ್ನು ಅದರ ನೇತೃತ್ವದ ರಂಗದೊಳಗೆ ಸೇರಿಸಿ ಹೆಸರಿಗಷ್ಟೇ ಜೀವಂತ ಇರಿಸಲಾಯಿತು. ಏಳು ವರ್ಷಕ್ಕೊಮ್ಮೆ ಜನಮತಗಣನೆ ನಡೆಯುತ್ತಿತ್ತು. ಅಭ್ಯರ್ಥಿ ಒಬ್ಬನೇ. 1971ರಿಂದ 1999ರವರೆಗೆ ಐದು ಬಾರಿಯೂ ಹಾಫಿಝ್‌ಗೆ ಬಿದ್ದ ಮತ ಶೇಕಡಾ 99ಕ್ಕಿಂತ ಹೆಚ್ಚು. ಈ ಲೆಕ್ಕವನ್ನು ಯಾರೂ ನಂಬುತ್ತಿರಲಿಲ್ಲ, ನಂಬಲೆಂದು ಸರಕಾರ ಬಯಸಿಯೂ ಇರಲಿಲ್ಲ. ಇಂತಹ ಸುಳ್ಳನ್ನು ನಿಮ್ಮ ಮುಖದೆದುರು ಹೇಳಿದರೂ ನೀವು ಸುಮ್ಮನಿರುವಿರಿ ಎಂಬುದೇ ಅದರ ಸಂದೇಶವಾಗಿತ್ತು.

ಕಣ್ಣಿನ ಮೇಲೊಂದು ಕಣ್ಣು

ಸಿರಿಯಾದ ಜನರು ಅತಿ ಹೆಚ್ಚು ಹೆದರುತ್ತಿದ್ದ ಪದ ‘ಮುಖಾಬರಾತ್’, ಅಂದರೆ ಗುಪ್ತಚರ ಇಲಾಖೆ. ಅದು ಒಂದಲ್ಲ, ನಾಲ್ಕು. ಸೇನಾ ಗುಪ್ತಚರ, ವಾಯುಪಡೆ ಗುಪ್ತಚರ, ರಾಜಕೀಯ ಭದ್ರತೆ, ಸಾಮಾನ್ಯ ಗುಪ್ತಚರ. ಪ್ರತಿಯೊಂದಕ್ಕೂ ತನ್ನದೇ ಸೆರೆಮನೆ, ತನ್ನದೇ ಮಾಹಿತಿದಾರರು. ವಿಮಾನ ಚಾಲಕನಾಗಿದ್ದ ಹಾಫಿಝ್ ವಾಯುಪಡೆಯ ಗುಪ್ತಚರರನ್ನು ವಿಶೇಷವಾಗಿ ನಂಬಿದ್ದರಿಂದ ಅವರ ಕೆಲಸ ವಿಮಾನಗಳಿಗೆ ಸೀಮಿತವಾಗಿರಲಿಲ್ಲ.

ಒಂದೇ ಕೆಲಸಕ್ಕೆ ನಾಲ್ಕು ಇಲಾಖೆಗಳೇಕೆ? ಜನರ ಮೇಲೆ ಕಣ್ಣಿಡಲು ಒಂದು ಸಾಕಿತ್ತು. ಉಳಿದವು ಒಂದರ ಮೇಲೊಂದು ಕಣ್ಣಿಡಲು. ಕ್ಷಿಪ್ರಕ್ರಾಂತಿಯಿಂದ ಬಂದವನಿಗೆ ಕ್ಷಿಪ್ರಕ್ರಾಂತಿಯ ಭಯ ಎಲ್ಲರಿಗಿಂತ ಹೆಚ್ಚು. ಆದ್ದರಿಂದ ಯಾರೊಬ್ಬರೂ ಸ್ವತಂತ್ರವಾಗಿ ಬಲವಾಗದಂತೆ, ಎಲ್ಲ ಎಳೆಗಳೂ ಅಧ್ಯಕ್ಷನ ಮೇಜಿನಲ್ಲಿ ಮಾತ್ರ ಸೇರುವಂತೆ ಏರ್ಪಾಡು ಮಾಡಲಾಗಿತ್ತು. ಹಾಫಿಝ್‌ನ ಸ್ವಂತ ತಮ್ಮ ರಿಫ್‌ಅತ್ ರಕ್ಷಣಾ ದಳವೆಂಬ ಪ್ರತ್ಯೇಕ ಸೇನೆಯನ್ನೇ ಕಟ್ಟಿಕೊಂಡಿದ್ದ. 1984ರಲ್ಲಿ ಅಣ್ಣ ಕಾಯಿಲೆ ಬಿದ್ದಿದ್ದ ಹೊತ್ತಿಗೆ ಆತ ಗದ್ದುಗೆಯತ್ತ ಕೈಚಾಚಿದಾಗ ಆತನನ್ನೂ ದೇಶದಿಂದ ಹೊರಗಟ್ಟಲಾಯಿತು.

ಈ ಆಡಳಿತವನ್ನು ಅಲವಿಗಳ ಆಡಳಿತವೆಂದು ಕರೆಯುವ ರೂಢಿಯಿದೆ. ಸೇನೆ ಮತ್ತು ಗುಪ್ತಚರ ವಿಭಾಗದ ಆಯಕಟ್ಟಿನ ಜಾಗಗಳಲ್ಲಿ ಆ ಪಂಗಡದವರನ್ನು ತುಂಬಲಾಗಿತ್ತು ಎಂಬುದು ನಿಜ. ಆದರೆ ಸುಮಾರು ಮೂರು ದಶಕ ರಕ್ಷಣಾ ಸಚಿವರಾಗಿದ್ದ ಮುಸ್ತಫಾ ತ್ಲಾಸ್ ಸುನ್ನಿ. ಉಪಾಧ್ಯಕ್ಷ ಅಬ್ದುಲ್ ಹಲೀಮ್ ಖದ್ದಾಮ್ ಕೂಡ ಸುನ್ನಿ. ಜೈಲಿನಲ್ಲಿ ಸತ್ತ ಜದೀದ್ ಅಲವಿ. 2001ರಲ್ಲಿ ಸುಧಾರಣೆ ಕೇಳಿ ಜೈಲು ಸೇರಿದ ಅರ್ಥಶಾಸ್ತ್ರಜ್ಞ ಆರಿಫ್ ದಲೀಲ ಅಲವಿ. ಕರಾವಳಿ ಬೆಟ್ಟಗಳ ಹಳ್ಳಿಗಳಲ್ಲಿ ಬಡತನ ಹಾಗೆಯೇ ಉಳಿದಿತ್ತು. ಆದರೆ ಅಸದ್ ಹೋದರೆ ನಿಮ್ಮನ್ನು ಯಾರೂ ಬದುಕಗೊಡುವುದಿಲ್ಲ ಎಂದು ಅಲ್ಪಸಂಖ್ಯಾತರನ್ನು ನಂಬಿಸಲಾಗಿತ್ತು. ಒಂದು ಸಮುದಾಯದ ಭಯವನ್ನು ಕಾಪಾಡಿ ಅದನ್ನೇ ತನ್ನ ಕೋಟೆಯ ಗೋಡೆಯಾಗಿಸುವುದು ಸರ್ವಾಧಿಕಾರಿಗಳ ಹಳೆಯ ವಿದ್ಯೆ. ಬಹುಸಂಖ್ಯಾತರ ಭಯವನ್ನೂ ಇದೇ ರೀತಿ ಬಳಸಬಹುದು ಎಂಬುದಕ್ಕೆ ಚರಿತ್ರೆಯಲ್ಲಿ ಉದಾಹರಣೆಗಳಿಗೆ ಕೊರತೆಯಿಲ್ಲ.

ಫೆಲೆಸ್ತೀನ್‌ನ ಹೆಸರಿನಲ್ಲಿ

ಸರ್ವಾಧಿಕಾರಿಗೆ ಒಂದು ಪವಿತ್ರ ಧ್ಯೇಯವೂ ಬೇಕು. ಅಸದ್ ಆಡಳಿತ ಫೆಲೆಸ್ತೀನ್ ಹೋರಾಟದ ಕಾವಲುಗಾರನೆಂದು ತನ್ನನ್ನು ಕರೆದುಕೊಂಡಿತು. ಅರಬ್ ಜಗತ್ತಿನಲ್ಲೂ ಅದರಾಚೆಗೂ ಅನೇಕರು ಈ ಕಾರಣದಿಂದಲೇ ಅದರ ಅಪರಾಧಗಳ ಕಡೆ ಕಣ್ಣು ಮುಚ್ಚಿದರು. ಆದರೆ ದಾಖಲೆ ಏನು ಹೇಳುತ್ತದೆ? 1970ರ ಸೆಪ್ಟೆಂಬರ್‌ನಲ್ಲಿ ಜೋರ್ಡಾನ್ ಸೇನೆ ಫೆಲೆಸ್ತೀನಿ ಹೋರಾಟಗಾರರನ್ನು ಬಡಿಯುತ್ತಿದ್ದಾಗ ಸಿರಿಯಾದ ಟ್ಯಾಂಕುಗಳು ಅವರ ನೆರವಿಗೆ ಹೋದವು. ಅವುಗಳ ರಕ್ಷಣೆಗೆ ವಾಯುಪಡೆಯನ್ನು ಕಳುಹಿಸದವನು ಹಾಫಿಝ್. 1976ರಲ್ಲಿ ಸಿರಿಯನ್ ಸೇನೆ ಲೆಬನಾನ್ ಪ್ರವೇಶಿಸಿದ್ದು ಫೆಲೆಸ್ತೀನಿಗಳ ಮತ್ತು ಅವರ ಮಿತ್ರರ ವಿರುದ್ಧ. ದಮಾಸ್ಕಸ್‌ನಲ್ಲಿ ಸೇನಾ ಗುಪ್ತಚರ ವಿಭಾಗದ ಅತಿ ಕುಖ್ಯಾತ ಚಿತ್ರಹಿಂಸಾ ಕೇಂದ್ರವೊಂದನ್ನು ‘ಫೆಲೆಸ್ತೀನ್ ಶಾಖೆ’ ಎಂದೇ ಕರೆಯಲಾಗುತ್ತಿತ್ತು.

ಹೊರಗಿನ ಶಕ್ತಿಗಳೂ ಈ ಆಡಳಿತವನ್ನು ಬೇಕಾದಾಗ ಬಳಸಿಕೊಂಡವು. ಸೋವಿಯತ್ ಒಕ್ಕೂಟ ಶಸ್ತ್ರಾಸ್ತ್ರ ನೀಡಿತು, ಕೊಲ್ಲಿಯ ರಾಜರು ಹಣ ನೀಡಿದರು. 1991ರಲ್ಲಿ ಅದೇ ಹಾಫಿಝ್ ಇರಾಕ್ ವಿರುದ್ಧ ಅಮೆರಿಕದ ಮೈತ್ರಿಕೂಟ ಸೇರಿದಾಗ ವಾಶಿಂಗ್ಟನ್‌ಗೂ ಪ್ರಿಯನಾದ. 2002ರಲ್ಲಿ ಮಾಹೆರ್ ಅರಾರ್ ಎಂಬ ಕೆನಡಾ ಪ್ರಜೆಯನ್ನು ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ ಹಿಡಿದ ಅಮೆರಿಕ, ಆತನನ್ನು ವಿಚಾರಣೆಗಾಗಿ ಸಿರಿಯಾಕ್ಕೆ ರವಾನಿಸಿತು. ಆತ ಸುಮಾರು ಒಂದು ವರ್ಷ ಸೆರೆಯಲ್ಲಿ ಚಿತ್ರಹಿಂಸೆ ಅನುಭವಿಸಿದ. ಆತ ನಿರಪರಾಧಿಯೆಂದು ಒಪ್ಪಿದ ಕೆನಡಾ ಸರಕಾರ 2007ರಲ್ಲಿ ಕ್ಷಮೆ ಯಾಚಿಸಿ ಒಂದು ಕೋಟಿ ಡಾಲರ್‌ಗೂ ಮಿಕ್ಕಿ ಪರಿಹಾರ ನೀಡಿತು. ಪ್ರಜಾಪ್ರಭುತ್ವದ ಪಾಠ ಹೇಳುವವರಿಗೂ ಸರ್ವಾಧಿಕಾರಿಯ ನೆಲಮಾಳಿಗೆ ಉಪಯೋಗಕ್ಕೆ ಬರುತ್ತದೆ!

ಹಮಾ: ಮೌನದ ಪಾಠ

1970ರ ದಶಕದ ಕೊನೆಯಲ್ಲಿ ಆಡಳಿತದ ವಿರುದ್ಧ ಅಸಮಾಧಾನ ಹೆಚ್ಚಿತು. ವಕೀಲರು, ಇಂಜಿನಿಯರರು, ವೈದ್ಯರ ಸಂಘಟನೆಗಳು ತುರ್ತು ಪರಿಸ್ಥಿತಿಯನ್ನು ರದ್ದುಗೊಳಿಸಲು ಕೇಳಿಕೊಂಡವು. ಇದೇ ವೇಳೆ ಇಖ್ವಾನುಲ್ ಮುಸ್ಲಿಮೂನ್‌ನಿಂದ ಸಿಡಿದ ಸಶಸ್ತ್ರ ಗುಂಪೊಂದು ಕೊಲೆಯ ದಾರಿ ಹಿಡಿದಿತ್ತು. 1979ರ ಜೂನ್‌ನಲ್ಲಿ ಅಲೆಪ್ಪೊದ ಫಿರಂಗಿ ತರಬೇತಿ ಶಾಲೆಯಲ್ಲಿ ಅಲವಿ ಕೆಡೆಟ್‌ಗಳನ್ನು ಆರಿಸಿ ಕೊಲ್ಲಲಾಯಿತು. ಇದು ಸಮರ್ಥನೆಗೆ ನಿಲುಕದ ಕೃತ್ಯ. ಆಡಳಿತಕ್ಕೆ ಇದಕ್ಕಿಂತ ಒಳ್ಳೆಯ ನೆಪ ಬೇರೆ ಬೇಕಿರಲಿಲ್ಲ.

1980ರ ಜೂನ್ 26ರಂದು ಹಾಫಿಝ್‌ನ ಹತ್ಯೆಗೆ ಯತ್ನ ನಡೆಯಿತು. ಮರುದಿನ ಮರುಭೂಮಿಯ ತದ್ಮುರ್ ಜೈಲಿನಲ್ಲಿ ರಿಫ್‌ಅತ್‌ನ ದಳ ನೂರಾರು ಕೈದಿಗಳನ್ನು ಅವರ ಕೋಣೆಗಳಲ್ಲೇ ಗುಂಡಿಟ್ಟು ಕೊಂದಿತು. ಜುಲೈಯಲ್ಲಿ ಬಂದ 49ನೇ ಕಾನೂನು ಇಖ್ವಾನ್ ಸದಸ್ಯತ್ವಕ್ಕೇ ಮರಣದಂಡನೆ ವಿಧಿಸಿತು. ಶಾಂತಿಯುತವಾಗಿ ಮನವಿ ಸಲ್ಲಿಸಿದ್ದ ವೃತ್ತಿ ಸಂಘಟನೆಗಳು ಕೂಡ ವಿಸರ್ಜನೆಗೊಂಡು ಅವುಗಳ ಮುಖಂಡರು ಜೈಲು ಸೇರಿದರು. ಬಂದೂಕು ಹಿಡಿದವನಿಗೂ ಮನವಿಪತ್ರ ಹಿಡಿದವನಿಗೂ ವ್ಯತ್ಯಾಸವೇ ಉಳಿಯಲಿಲ್ಲ.

1982ರ ಫೆಬ್ರವರಿಯಲ್ಲಿ ಹಮಾದಲ್ಲಿ ಸಶಸ್ತ್ರ ದಂಗೆ ಎದ್ದಿತು. ಒರೊಂಟಿಸ್ ನದಿಯ ದಡದಲ್ಲಿ ಪುರಾತನ ನೀರಿನ ಚಕ್ರಗಳಿರುವ ಸುಂದರ ನಗರವದು. ಸೇನೆ ಇಡೀ ನಗರವನ್ನು ಸುತ್ತುವರಿದು ಸುಮಾರು ನಾಲ್ಕು ವಾರ ಫಿರಂಗಿ, ಟ್ಯಾಂಕ್‌ಗಳಿಂದ ಬಡಿಯಿತು. ಮಸೀದಿಗಳೂ ಚರ್ಚ್‌ಗಳೂ ನೆಲಕ್ಕುರುಳಿದವು. ಸತ್ತವರ ಸಂಖ್ಯೆಯನ್ನು 10 ಸಾವಿರದಿಂದ 40 ಸಾವಿರದವರೆಗೆ ಅಂದಾಜಿಸಲಾಗುತ್ತದೆ. ಲೆಕ್ಕ ಇಷ್ಟು ಅಸ್ಪಷ್ಟವಾಗಿರುವುದೇ ಆ ಆಡಳಿತದ ಸ್ವರೂಪವನ್ನು ಹೇಳುತ್ತದೆ. ಲೆಕ್ಕವಿಡಲು ಯಾರನ್ನೂ ಬಿಟ್ಟಿರಲಿಲ್ಲ.

ಆ ಬಳಿಕ ಸಿರಿಯಾದಲ್ಲಿ ಹಮಾದ ಹೆಸರೆತ್ತುವುದೇ ಅಪಾಯವಾಯಿತು. ಜನರು ಅದನ್ನು ‘ಘಟನೆಗಳು’ ಎಂದಷ್ಟೇ ಕರೆದರು. ತಂದೆಗೆ ಏನಾಯಿತೆಂದು ತಾಯಂದಿರು ಮಕ್ಕಳಿಗೆ ಹೇಳಲಿಲ್ಲ. ಮಕ್ಕಳು ಶಾಲೆಯಲ್ಲಿ ಬಾಯಿ ಬಿಟ್ಟರೆ? ಗೋಡೆಗೂ ಕಿವಿಯಿದೆ ಎಂಬ ಗಾದೆ ಅಲ್ಲಿ ಅಕ್ಷರಶಃ ನಿಜವಾಗಿತ್ತು. ಮುಂದಿನ ಮೂರು ದಶಕ ಆಡಳಿತಕ್ಕೆ ಇನ್ನೊಂದು ಹಮಾದ ಅಗತ್ಯ ಬೀಳಲಿಲ್ಲ. ಒಂದರ ನೆನಪೇ ಸಾಕಾಯಿತು.

ನಂಬಿದಂತೆ ನಟಿಸುವುದು

ಆದರೆ ದಿನನಿತ್ಯದ ಆಳ್ವಿಕೆ ಕೊಲೆಯಿಂದ ನಡೆಯುವುದಿಲ್ಲ. ಅಮೆರಿಕದ ವಿದ್ವಾಂಸೆ ಲೀಸಾ ವೆಡೀನ್ 1990ರ ದಶಕದಲ್ಲಿ ಸಿರಿಯಾದಲ್ಲಿದ್ದು ಹಾಫಿಝ್‌ನ ವ್ಯಕ್ತಿಪೂಜೆಯನ್ನು ಅಧ್ಯಯನ ಮಾಡಿದರು. ಹಾಫಿಝ್ ಅಮರ ನಾಯಕ, ದೇಶದ ಪ್ರಥಮ ಶಿಕ್ಷಕ, ಪ್ರಥಮ ವಕೀಲ, ಕೊನೆಗೆ ಪ್ರಥಮ ಔಷಧ ತಜ್ಞ ಕೂಡ! ಈ ಮಾತುಗಳನ್ನು ಹೇಳುವವರೂ ನಂಬುತ್ತಿರಲಿಲ್ಲ, ಕೇಳುವವರೂ ನಂಬುತ್ತಿರಲಿಲ್ಲ. ಹಾಗಾದರೆ ಪ್ರಯೋಜನವೇನು? ನಂಬಿಕೆ ಬೇಕಿರಲಿಲ್ಲ, ನಂಬಿದಂತೆ ನಟಿಸುವುದು ಸಾಕಿತ್ತು ಎಂಬುದು ವೆಡೀನ್ ಕಂಡುಕೊಂಡ ಉತ್ತರ.

ಇದರ ಪರಿಣಾಮ ನಾವು ಭಾವಿಸುವುದಕ್ಕಿಂತ ಆಳವಾದದ್ದು. ಅಂಗಡಿಯವನು ಗೋಡೆಗೆ ಚಿತ್ರ ತೂಗುಹಾಕುತ್ತಾನೆ, ಶಿಕ್ಷಕ ಮಕ್ಕಳಿಂದ ಘೋಷಣೆ ಕೂಗಿಸುತ್ತಾನೆ, ನೌಕರ ಮೆರವಣಿಗೆಗೆ ಹೋಗುತ್ತಾನೆ. ಪ್ರತಿಯೊಬ್ಬನಿಗೂ ತಾನು ನಟಿಸುತ್ತಿದ್ದೇನೆಂದು ಗೊತ್ತು. ಪಕ್ಕದವನೂ ನಟಿಸುತ್ತಿದ್ದಾನೋ ಅಥವಾ ನಿಜವಾಗಿ ನಂಬಿದ್ದಾನೋ ಎಂಬುದು ಮಾತ್ರ ಗೊತ್ತಿಲ್ಲ. ಹೀಗೆ ಅಸಮಾಧಾನಗೊಂಡ ಲಕ್ಷಾಂತರ ಮಂದಿ ಒಬ್ಬೊಬ್ಬರೂ ಏಕಾಂಗಿಗಳಾಗಿ ಉಳಿಯುತ್ತಾರೆ. ಇನ್ನೊಂದು ವಿಷಯವೆಂದರೆ, ದಿನವೂ ಸುಳ್ಳಿನಲ್ಲಿ ಪಾಲು ಪಡೆದವನಿಗೆ ಒಳಗೊಳಗೇ ತಾನೂ ತಪ್ಪಿತಸ್ಥನೆನಿಸುತ್ತದೆ. ತಪ್ಪಿತಸ್ಥನೆಂದುಕೊಂಡವನು ದನಿಯೆತ್ತುವುದು ಕಷ್ಟ.

ನಟಿಸಲು ಒಪ್ಪದವರೂ ಇದ್ದರು. ಕಮ್ಯುನಿಸ್ಟ್ ನಾಯಕ ರಿಯಾದ್ ಅಲ್ ತುರ್ಕ್ 1980ರಿಂದ 1998ರವರೆಗೆ ಸುಮಾರು 18 ವರ್ಷ ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದರು, ಬಹುಪಾಲು ಏಕಾಂತ ಕೋಣೆಯಲ್ಲಿ. ಓದಲು, ಬರೆಯಲು ಏನೂ ಇಲ್ಲದ ಅಲ್ಲಿ ಸೂಪಿನಲ್ಲಿ ಬೇಯದೆ ಉಳಿದ ಕಾಳುಗಳನ್ನು ಕೂಡಿಟ್ಟು, ಅವುಗಳನ್ನು ಜೋಡಿಸಿ ಚಿತ್ರ ಬಿಡಿಸುತ್ತಾ ಅವರು ಬುದ್ಧಿ ಸ್ಥಿಮಿತ ಉಳಿಸಿಕೊಂಡರು. ಹೊರಬಂದ ಮೇಲೂ ಅವರು ಸುಮ್ಮನಿರದಿದ್ದುದರಿಂದ 2001ರಲ್ಲಿ ಮತ್ತೆ ಬಂಧಿತರಾದರು.

ತಂದೆಯಿಂದ ಮಗನಿಗೆ

2000ದ ಜೂನ್ 10ರಂದು ಹಾಫಿಝ್ ನಿಧನರಾದರು. ಉತ್ತರಾಧಿಕಾರಿಯೆಂದು ಬೆಳೆಸಿದ್ದ ಹಿರಿಯ ಮಗ ಬಾಸಿಲ್ 1994ರಲ್ಲೇ ಕಾರು ಅಪಘಾತದಲ್ಲಿ ಸತ್ತಿದ್ದ. ಲಂಡನ್‌ನಲ್ಲಿ ನೇತ್ರ ಚಿಕಿತ್ಸೆ ಕಲಿಯುತ್ತಿದ್ದ ಬಶ್ಶಾರ್‌ನನ್ನು ಆಗ ಕರೆಸಿಕೊಳ್ಳಲಾಗಿತ್ತು. ಸಂವಿಧಾನದ ಪ್ರಕಾರ ಅಧ್ಯಕ್ಷನಿಗೆ 40 ವರ್ಷವಾಗಿರಬೇಕು. ಬಶ್ಶಾರ್‌ಗೆ 34. ತಂದೆ ಸತ್ತ ದಿನವೇ ಸಂಸತ್ತು ಸೇರಿ 40ನ್ನು 34 ಎಂದು ತಿದ್ದಿತು. ರಾಜಪ್ರಭುತ್ವವನ್ನು ವಿರೋಧಿಸಿ ಬಂದ ಗಣರಾಜ್ಯದಲ್ಲಿ ಮಗ ಪಟ್ಟಕ್ಕೇರಿದ, ಶೇಕಡಾ 97 ಮತಗಳೊಂದಿಗೆ.

ಯುವ ವೈದ್ಯ ಸುಧಾರಣೆ ತರುವನೆಂದು ಜನರು ಆಸೆಪಟ್ಟರು. ಮನೆಗಳಲ್ಲಿ ಚರ್ಚಾಕೂಟಗಳು ಆರಂಭವಾದವು. 99 ಬುದ್ಧಿಜೀವಿಗಳು ತುರ್ತು ಪರಿಸ್ಥಿತಿ ತೆಗೆಯುವಂತೆ ಹೇಳಿಕೆ ನೀಡಿದರು. ‘ದಮಾಸ್ಕಸ್ ವಸಂತ’ವೆಂದು ಕರೆಯಲಾದ ಇದು ಒಂದು ವರ್ಷವೂ ಬಾಳಲಿಲ್ಲ. 2001ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅದರ ಮುಖಂಡರು ಜೈಲಿನಲ್ಲಿದ್ದರು. ಬಂದದ್ದು ಆರ್ಥಿಕ ಉದಾರೀಕರಣ ಮಾತ್ರ. ಅದರ ಲಾಭ ಮೊಬೈಲ್ ಫೋನ್ ಕಂಪೆನಿಯಿಂದ ಹಿಡಿದು ಸುಂಕರಹಿತ ಮಳಿಗೆಗಳವರೆಗೆ ಬಶ್ಶಾರ್‌ನ ಸೋದರ ಸಂಬಂಧಿ ರಾಮಿ ಮಖ್ಲೂಫ್‌ನಂತಹವರ ಪಾಲಾಯಿತು. ತಂದೆಯ ಕಾಲದಲ್ಲಿ ಹಳ್ಳಿಗೆ ಸಿಗುತ್ತಿದ್ದ ಅಲ್ಪಸ್ವಲ್ಪವೂ ಕಡಿಮೆಯಾಯಿತು.

2011ರಲ್ಲಿ ಟ್ಯುನೀಶಿಯಾ, ಈಜಿಪ್ಟ್‌ಗಳ ಆಳುವವರು ಉರುಳಿದಾಗ ದಕ್ಷಿಣದ ದರಆ ನಗರದಲ್ಲಿ ಶಾಲಾ ಬಾಲಕರು ‘ಡಾಕ್ಟರೇ, ಈಗ ನಿಮ್ಮ ಸರದಿ’ ಎಂದು ಗೋಡೆಯಲ್ಲಿ ಬರೆದರು. ಅವರನ್ನು ಹಿಡಿದು ಚಿತ್ರಹಿಂಸೆ ನೀಡಲಾಯಿತು. ಮಕ್ಕಳನ್ನು ಬಿಡಿ ಎಂದು ಮಾರ್ಚ್ 18ರಂದು ಬೀದಿಗಿಳಿದ ಜನರ ಮೇಲೆ ಗುಂಡು ಹಾರಿತು. ಏಪ್ರಿಲ್ 21ರಂದು ಬಶ್ಶಾರ್ 48 ವರ್ಷಗಳ ತುರ್ತು ಪರಿಸ್ಥಿತಿಯನ್ನು ರದ್ದುಪಡಿಸಿದರು. ಮರುದಿನ ಶುಕ್ರವಾರ ಹಲವು ನಗರಗಳಲ್ಲಿ ಹತ್ತಾರು ಪ್ರತಿಭಟನಾಕಾರರು ಗುಂಡಿಗೆ ಬಲಿಯಾದರು. ಮುಂದಿನ ವರ್ಷ ಭಯೋತ್ಪಾದನಾ ವಿರೋಧಿ ಕಾನೂನು ಎಂಬ ಹೊಸ ಹೆಸರಿನಲ್ಲಿ ಹಳೆಯ ಅಧಿಕಾರಗಳೆಲ್ಲ ಮರಳಿ ಬಂದವು.

ನಂತರದ ಯುದ್ಧದ ವಿವರ ಎಲ್ಲರಿಗೂ ತಿಳಿದಿದೆ. ಪ್ರತಿಭಟನೆ ಶಸ್ತ್ರ ಹಿಡಿಯಿತು. ಇರಾನ್, ಹಿಝ್ಬುಲ್ಲಾ ಮತ್ತು 2015ರಿಂದ ರಶ್ಯದ ವಿಮಾನಗಳು ಬಶ್ಶಾರ್‌ನನ್ನು ಉಳಿಸಿದವು. ಎದುರು ಬದಿಯಲ್ಲಿ ಇತರ ದೇಶಗಳು ತಮ್ಮ ತಮ್ಮ ಗುಂಪುಗಳಿಗೆ ನೆರವು ನೀಡಿದವು. ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯ ಅಂದಾಜಿನಂತೆ ಮೊದಲ ಹತ್ತು ವರ್ಷಗಳಲ್ಲೇ 3 ಲಕ್ಷಕ್ಕೂ ಹೆಚ್ಚು ನಾಗರಿಕರು ಸತ್ತರು. ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಮಂದಿ ಮನೆ ಕಳೆದುಕೊಂಡರು. ಸೈದ್ನಾಯ ಜೈಲಿನಲ್ಲಿ 2011ರಿಂದ 2015ರ ನಡುವೆ 5 ಸಾವಿರದಿಂದ 13 ಸಾವಿರ ಮಂದಿಯನ್ನು ಗಲ್ಲಿಗೇರಿಸಲಾಗಿದೆಯೆಂದು ಆಮ್ನೆಸ್ಟಿ ಇಂಟರ್‌ನ್ಯಾಶನಲ್ ಅಂದಾಜಿಸಿದೆ. ಸತ್ತ ಕೈದಿಗಳ ಚಿತ್ರ ತೆಗೆಯುವ ಕೆಲಸದಲ್ಲಿದ್ದ ಸೇನಾ ಪೊಲೀಸ್ ಛಾಯಾಗ್ರಾಹಕನೊಬ್ಬ 50 ಸಾವಿರಕ್ಕೂ ಹೆಚ್ಚು ಚಿತ್ರಗಳೊಂದಿಗೆ 2013ರಲ್ಲಿ ದೇಶ ಬಿಟ್ಟ. ಪ್ರತಿ ಶವಕ್ಕೂ ಒಂದು ಸಂಖ್ಯೆ, ಒಂದು ಕಡತ. ಕೊಲೆ ಅಲ್ಲಿ ಕಚೇರಿ ಕೆಲಸವಾಗಿತ್ತು.

ಕುಸಿತ, ಮತ್ತು ಆ ಬಳಿಕ

ಹಾಗಾದರೆ 2024ರಲ್ಲಿ ಏನಾಯಿತು? ರಶ್ಯ ಉಕ್ರೇನ್ ಯುದ್ಧದಲ್ಲಿ ಮುಳುಗಿತ್ತು, ಹಿಝ್ಬುಲ್ಲಾ ಇಸ್ರೇಲ್ ದಾಳಿಯಿಂದ ಜರ್ಝರಿತವಾಗಿತ್ತು. ಒಳಗೆ ಸೈನಿಕನ ಸಂಬಳದಲ್ಲಿ ಕುಟುಂಬ ಹೊಟ್ಟೆ ಹೊರೆಯುವಂತಿರಲಿಲ್ಲ. ಅಲೆಪ್ಪೊ ಕೈತಪ್ಪಿದ ಮೇಲೆ ಡಿಸೆಂಬರ್ 4ರಂದು ಬಶ್ಶಾರ್ ಸೈನಿಕರ ಸಂಬಳವನ್ನು ಶೇಕಡಾ 50 ಹೆಚ್ಚಿಸುವ ಆದೇಶ ಹೊರಡಿಸಿದರು. ನಾಲ್ಕು ದಿನಗಳ ಬಳಿಕ ಆ ಆದೇಶಕ್ಕೆ ಸರಕಾರವೇ ಇರಲಿಲ್ಲ. ನಟಿಸುವುದನ್ನೇ ರೂಢಿಸಿಕೊಂಡ ಸೇನೆ ಸಾಯುವ ಸಮಯ ಬಂದಾಗ ನಟಿಸಲು ಒಪ್ಪಲಿಲ್ಲ. ಪ್ರತಿಯೊಬ್ಬನಿಗೂ ಪಕ್ಕದವನೂ ನಂಬಿರಲಿಲ್ಲವೆಂಬುದು ಏಕಕಾಲಕ್ಕೆ ತಿಳಿದುಹೋಯಿತು.

ಡಿಸೆಂಬರ್ 8ರಂದು ಜನರು ಸೈದ್ನಾಯ ಜೈಲಿಗೆ ಓಡಿದರು. ಭೂಗತ ಕೋಣೆಗಳಿರಬಹುದೆಂದು ನೆಲ ಅಗೆದರು, ಕಡತಗಳ ರಾಶಿಯಲ್ಲಿ ಹೆಸರು ಹುಡುಕಿದರು. ಕೆಲವರಿಗೆ ತಮ್ಮವರು ಸಿಕ್ಕಿದರು. ಕಣ್ಮರೆಯಾದವರ ಸಂಖ್ಯೆ ಒಂದು ಲಕ್ಷ ಮೀರುತ್ತದೆಂದು ಮಾನವ ಹಕ್ಕು ಸಂಘಟನೆಗಳು ಹೇಳುತ್ತವೆ. ಆದ್ದರಿಂದ ಹೆಚ್ಚಿನ ತಾಯಂದಿರು ಬರಿಗೈಯಲ್ಲಿ ಮರಳಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟೋ ಚೆನ್ನಾಗಿತ್ತು. 2025ರ ಮಾರ್ಚ್‌ನಲ್ಲಿ ಹಳೆಯ ಆಡಳಿತದ ಬೆಂಬಲಿಗರು ಹೊಸ ಸರಕಾರದ ಪಡೆಗಳ ಮೇಲೆ ದಾಳಿ ನಡೆಸಿದಾಗ, ಪ್ರತೀಕಾರವಾಗಿ ಕರಾವಳಿಯ ಅಲವಿ ಊರುಗಳಲ್ಲಿ ಕುಟುಂಬಗಳನ್ನೇ ಕೊಲ್ಲಲಾಯಿತು. ಸತ್ತವರು ಸಾವಿರಕ್ಕೂ ಹೆಚ್ಚು. ಜುಲೈಯಲ್ಲಿ ದ್ರೂಸ್ ಪ್ರದೇಶ ಸುವೈದಾದಲ್ಲಿ ರಕ್ತ ಹರಿಯಿತು. ಮಾರ್ಚ್‌ನಲ್ಲಿ ಬಂದ ತಾತ್ಕಾಲಿಕ ಸಂವಿಧಾನ ಘೋಷಣೆ ಅಧ್ಯಕ್ಷ ಅಹ್ಮದ್ ಅಶ್ಶರಅ ಅವರಿಗೆ ಐದು ವರ್ಷಗಳ ಪರಿವರ್ತನಾ ಅವಧಿಗೆ ವಿಶಾಲ ಅಧಿಕಾರ ನೀಡಿದೆ. ಸಂಸತ್ತಿನ ಮೂರನೇ ಒಂದು ಭಾಗವನ್ನು ಅಧ್ಯಕ್ಷರೇ ನೇಮಿಸುತ್ತಾರೆ. ಇದು ತಾತ್ಕಾಲಿಕವೆಂದು ಹೇಳಲಾಗಿದೆ. ತುರ್ತು ಪರಿಸ್ಥಿತಿಯನ್ನೂ 1963ರಲ್ಲಿ ಯಾರೂ ಶಾಶ್ವತವೆಂದು ಕರೆದಿರಲಿಲ್ಲ. ಸಿರಿಯಾದ ಜನರಿಗೆ ಈ ಬಾರಿ ಬೇರೆ ದಾರಿ ತೆರೆಯಲಿ ಎಂದು ಹಾರೈಸುವ ಹಕ್ಕು ನಮಗಿದೆ. ಆದರೆ ಗದ್ದುಗೆಯಲ್ಲಿ ಕುಳಿತವನು ನಮಗೆ ಹಿಡಿಸುವ ಮಾತಾಡುತ್ತಾನೆ ಎಂಬ ಕಾರಣಕ್ಕೆ ಲೆಕ್ಕ ಕೇಳದಿರುವ ಹಕ್ಕು ಯಾರಿಗೂ ಇಲ್ಲ.

ನಾವು ಈ ಚರಿತ್ರೆಯಿಂದ ತಿಳಿಯಬೇಕಾದುದು ಬಹಳ ಸರಳ. ಸರ್ವಾಧಿಕಾರವನ್ನು ತಡೆಯುವ ಸಮಯ ಅದು ಬಂದ ಮೇಲಿನದಲ್ಲ, ಅದಕ್ಕಿಂತ ಬಹಳ ಮುಂಚಿನದು. ವಾರಂಟ್ ಇಲ್ಲದ ಬಂಧನ ನಮಗಾಗದವನ ವಿರುದ್ಧ ನಡೆದಾಗ ಸುಮ್ಮನಿರುತ್ತೇವೆಯೇ? ಒಂದು ಕಠಿಣ ಕಾನೂನು ತಾತ್ಕಾಲಿಕವೆಂದಾಗ ಎಂದು ಮುಗಿಯುತ್ತದೆಂದು ಕೇಳುತ್ತೇವೆಯೇ? ನಮ್ಮ ಭಯವನ್ನು ತೋರಿಸಿ ಇನ್ನೊಬ್ಬನ ಹಕ್ಕು ಕಸಿಯುವವನನ್ನು ರಕ್ಷಕನೆಂದು ಕೊಂಡಾಡುತ್ತೇವೆಯೇ? ಸಿರಿಯಾದ ವರ್ತಕರು, ವಕೀಲರು, ರಾಜಕಾರಣಿಗಳು, ಸಾಮಾನ್ಯ ಜನರು ಈ ಪ್ರಶ್ನೆಗಳನ್ನು 1949ರಲ್ಲೂ 1963ರಲ್ಲೂ 1970ರಲ್ಲೂ ಎದುರಿಸಿದ್ದರು. ಆಗ ಕೊಟ್ಟ ಉತ್ತರಗಳ ಬೆಲೆಯನ್ನು ಅವರ ಮೊಮ್ಮಕ್ಕಳು ತೆತ್ತರು.